ಮನೆಬಾಗಿಲಿಗೆ ಬಂದ ಭಾಷಾ ಪಾಠ

2020ರ ಮೇ 5ರಂದು ಚೆನ್ನೈಯ ಕೋಯಂಬೇಡು ಸಗಟು ಮಾರುಕಟ್ಟೆಗೆ ಬೀಗ ಬಿತ್ತು. ಅಲ್ಲಿ ಮೂಟೆ ಹೊರುತ್ತಿದ್ದವರು, ಲಾರಿಯವರು, ಚಿಲ್ಲರೆ ವ್ಯಾಪಾರಿಗಳು ತಮಗೇ ಗೊತ್ತಿಲ್ಲದೆ ಕೊರೋನಾ ಸೋಂಕು ಹೊತ್ತು ಕಡಲೂರು, ವಿಲ್ಲುಪುರಂ, ಅರಿಯಲೂರು ಜಿಲ್ಲೆಗಳ ತಮ್ಮ ಊರುಗಳಿಗೆ ಮರಳಿದ್ದರು. ತರಕಾರಿ ವ್ಯಾಪಾರವನ್ನು ಊರಾಚೆಯ ತಿರುಮಳಿಸೈಗೆ ಸಾಗಿಸಿದರು. ಹಣ್ಣಿನ ವ್ಯಾಪಾರಕ್ಕೆ ಸಿಕ್ಕಿದ್ದು ಮಾಧವರಂ ಬಸ್ ನಿಲ್ದಾಣ. ಹೊರರಾಜ್ಯದ ಬಸ್ಸುಗಳು ನಿಂತುಹೋಗಿದ್ದವು. ಅವು ನಿಲ್ಲಬೇಕಾದ ಜಾಗದಲ್ಲಿ ಮಾವು, ಮೋಸಂಬಿ, ಕಲ್ಲಂಗಡಿ ಬಂದು ಕೂತವು.

ಮಾಧವರಂ ಇರುವುದು ಚೆನ್ನೈಯ ಉತ್ತರದ ಅಂಚಿನಲ್ಲಿ, ಕೋಲ್ಕತಾ ಹೆದ್ದಾರಿಯ ಬದಿಗೆ. 2011ರಲ್ಲಿ ಮಹಾನಗರ ಪಾಲಿಕೆಗೆ ಸೇರುವ ತನಕ ಅದು ಬೇರೆಯೇ ಪುರಸಭೆಯಾಗಿತ್ತು. ಆವಿನ್ ಹಾಲಿನ ಡೇರಿ, ಮಿಲ್ಕ್ ಕಾಲನಿ, 1989ರಲ್ಲಿ ಹುಟ್ಟಿದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ, ಲಾರಿಗಳ ನಿಲ್ದಾಣ, ಸಾಲು ಗೋದಾಮುಗಳು ಅಲ್ಲಿವೆ. ಆಂಧ್ರದ ಗಡಿ ದೂರವಿಲ್ಲ. ಅಲ್ಲಿ ತೆಲುಗು ಯಾರಿಗೂ ಹೊರಗಿನ ಭಾಷೆಯಲ್ಲ. ಬಸ್ ನಿಲ್ದಾಣವನ್ನು 2018ರಲ್ಲಿ ತೆರೆದದ್ದೂ ಆಂಧ್ರ, ತೆಲಂಗಾಣದ ಕಡೆಗೆ ಹೋಗುವ ಬಸ್ಸುಗಳಿಗೆಂದೇ. ಗೋದಾಮುಗಳಲ್ಲಿ ದುಡಿಯುವವರಲ್ಲಿ ಬಿಹಾರ, ಒಡಿಶಾ, ಬಂಗಾಳದವರು ಬಹಳ. ನಡುನಡುವೆ ಕನ್ನಡದ ಮನೆಗಳೂ ಇವೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು 12.8 ಲಕ್ಷಕ್ಕೂ ಹೆಚ್ಚು. ತೆಲುಗಿನವರು 42 ಲಕ್ಷ.

ಆ ಕನ್ನಡದ ಮನೆಗಳಲ್ಲಿ ಒಂದು ನಮ್ಮ ಅಕ್ಕನದು. ಅಕ್ಕನ ಮಗಳು ಆಗ ಎಂ.ಎ. ಓದುತ್ತಿದ್ದಳು. ಸಾಮಾಜಿಕ ಭಾಷಾವಿಜ್ಞಾನ ಅವಳಿಗೊಂದು ಪತ್ರಿಕೆ. ಭಾಷೆಯ ವ್ಯಾಕರಣವನ್ನು ಮಾತ್ರ ನೋಡದೆ ಯಾರು, ಯಾರೊಡನೆ, ಎಲ್ಲಿ, ಯಾವ ನುಡಿ ಆಡುತ್ತಾರೆ, ಯಾಕೆ ಆಡುತ್ತಾರೆ ಎಂದು ಕೇಳುವ ಶಾಸ್ತ್ರ ಇದು. ಮಾರ್ಚಿಯಲ್ಲಿ ಕಾಲೇಜು ಮುಚ್ಚಿತು, ಪಾಠ ಮೊಬೈಲಿಗೆ ಬಂತು. ಮೇಷ್ಟರು ಟಿಪ್ಪಣಿ ಕಳಿಸಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವಾರಕ್ಕೊಂದು ಬರಹ ಕೇಳಿದರು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಈ ವಾರ ಕಿವಿಗೆ ಬಿದ್ದ ಮಾತನ್ನು ಎತ್ತಿಕೊಳ್ಳಿ, ಪಾಠದಲ್ಲಿ ಓದಿದ್ದರ ಜೊತೆ ಇಟ್ಟು ನೋಡಿ, ನಿಮ್ಮ ಅಪ್ಪ ಅಮ್ಮನಿಗೂ ತಿಳಿಯುವ ಹಾಗೆ ಬರೆಯಿರಿ, ತರಗತಿಯ ಎಲ್ಲರೂ ಓದಲಿ ಎಂದರು. ಅವಳು ಬರೆದದ್ದನ್ನು ರಾತ್ರಿ ಫೋನ್ ಮಾಡಿ ನನಗೆ ಓದಿ ಹೇಳುತ್ತಿದ್ದಳು. ಶಿಕ್ಷಣದ ಬಗ್ಗೆ ಆ ವರ್ಷ ಕೇಳಿದ ಸುದ್ದಿಗಳಲ್ಲಿ ನನಗೆ ನಿಜವಾಗಿ ಹಿತವೆನಿಸಿದ್ದು ಇದೊಂದೇ.

ಮೊದಲು ಬರೆದದ್ದು ಹಣ್ಣಿನ ಗಾಡಿಯ ಬಗ್ಗೆ. ಬಸ್ ನಿಲ್ದಾಣದಿಂದ ಹಣ್ಣು ತುಂಬಿಕೊಂಡು ಒಬ್ಬ ತಳ್ಳುಗಾಡಿಯವನು ಅವರ ಬೀದಿಗೆ ಬರುತ್ತಿದ್ದ. ಬೀದಿಯ ಆರಂಭದಲ್ಲಿ ತಮಿಳರ ಮನೆಗಳು, ಅಲ್ಲಿ ಅವನು ‘ಸಾತ್ತುಕ್ಕುಡಿ, ಸಾತ್ತುಕ್ಕುಡಿ’ ಎಂದು ಕೂಗುವನು. ನಡುವೆ ತೆಲುಗಿನ ನಾಲ್ಕಾರು ಕುಟುಂಬಗಳು, ಅಲ್ಲಿಗೆ ಬಂದರೆ ಅದೇ ಹಣ್ಣು ‘ಬತ್ತಾಯಿ’. ಕೊನೆಗೆ ಗೋದಾಮಿನ ಕೆಲಸಗಾರರ ಶೆಡ್ಡು, ಅಲ್ಲಿ ‘ಮೋಸಂಬಿ’. ಅಕ್ಕನ ಮನೆ ಶೆಡ್ಡಿಗೆ ಹತ್ತಿರ. ಕನ್ನಡದಲ್ಲೂ ಅದು ಮೋಸಂಬಿಯೇ ಆದ್ದರಿಂದ, ತನಗೋಸ್ಕರ ಅವನು ಕನ್ನಡ ಕಲಿತಿದ್ದಾನೆಂದು ಆ ಮನೆಯ ಅಜ್ಜಿ, ಅಂದರೆ ಅಕ್ಕನ ಅತ್ತೆ, ನಂಬಿದ್ದರು. ತೋತಾಪುರಿ ಮಾವು ಬಂದಾಗ ಅವನು ‘ಕಿಳಿಮೂಕ್ಕು’ ಎನ್ನುವನು, ಅಜ್ಜಿ ‘ಗಿಣಿಮೂತಿ’ ಎನ್ನುವರು. ಅಷ್ಟಕ್ಕೆ ತಕರಾರಿಲ್ಲದೆ ಚೀಲ ತುಂಬುವುದು. ಒಮ್ಮೊಮ್ಮೆ ಅವನು ಅದನ್ನೇ ‘ಬೆಂಗಳೂರಾ’ ಎಂದೂ ಕೂಗಿದ್ದುಂಟು. ತಮಿಳುನಾಡಿನಲ್ಲಿ ತೋತಾಪುರಿಗೆ ಆ ಹೆಸರೂ ಇದೆ.

ಹುಡುಗಿ ತಾರಸಿಯ ಮೇಲೆ ನಿಂತು ಬೀದಿಯ ನಕ್ಷೆ ಬರೆದಳು. ಯಾವ ಗೇಟಿನ ಮುಂದೆ ಯಾವ ಕೂಗು ಎಂದು ಗುರುತು ಹಾಕಿದಳು. ಗಾಡಿ ನೂರು ಮಾರು ಹೋಗುವುದರೊಳಗೆ ಮೂರು ಭಾಷೆ ಬದಲಾಗುತ್ತಿತ್ತು. ಬೆಲೆ ಮಾತ್ರ ಎಲ್ಲೆಡೆ ತಮಿಳಿನಲ್ಲಿ, ತೂಕ ಇಂಗ್ಲಿಷಿನಲ್ಲಿ. ಆ ಮನುಷ್ಯನನ್ನು ನಿನಗೆ ಎಷ್ಟು ಭಾಷೆ ಬರುತ್ತೆ ಎಂದು ಕೇಳಿದ್ದಕ್ಕೆ ತಮಿಳು ಒಂದೇ ಎಂದನಂತೆ. ಜನಗಣತಿಯವರು ಕೇಳಿದರೂ ಅವನು ಹೇಳುವುದು ಅದನ್ನೇ. ಲೆಕ್ಕದ ಪುಸ್ತಕದಲ್ಲಿ ಒಂದೇ ಭಾಷೆ ಬಲ್ಲವನಾಗಿ ಉಳಿಯುವ ಈ ಮನುಷ್ಯ ದಿನವಿಡೀ ನಾಲ್ಕು ಭಾಷೆಯ ಜನರನ್ನು ತೃಪ್ತಿಪಡಿಸುತ್ತಾನೆ. ಭಾರತದಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಯಾಕೆ ಕಷ್ಟ ಎನ್ನುವುದು ಅವಳಿಗೆ ಹೀಗೆ ಅರ್ಥವಾಯಿತು.

ಇದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಾಂತ ಉದಾಹರಣೆಯಿದೆ, ಅದೂ ಕನ್ನಡದ್ದೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರು. ಅಲ್ಲಿ ಜೈನರು, ಲಿಂಗಾಯತರು ಕನ್ನಡ ಆಡುತ್ತಾರೆ, ಮುಸಲ್ಮಾನರು ಉರ್ದು, ಬೇರೆ ಕೆಲವರು ಮರಾಠಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಈ ಊರಿನ ಮಾತನ್ನು ಹತ್ತಿರದಿಂದ ಗಮನಿಸಿ 1971ರಲ್ಲಿ ಲೇಖನ ಪ್ರಕಟಿಸಿದರು. ಶತಮಾನಗಳಿಂದ ಒಟ್ಟಿಗೆ ಬಾಳಿದ್ದರಿಂದ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಕಟ್ಟು ಒಂದಕ್ಕೊಂದು ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ವಾಕ್ಯದಲ್ಲಿ ಪದಕ್ಕೆ ಪದ ಬದಲಿಸಿದರೆ ಇನ್ನೊಂದರ ವಾಕ್ಯ ಸಿಕ್ಕುತ್ತಿತ್ತು. ಆದರೂ ಪದಗಳನ್ನು ಬಿಟ್ಟುಕೊಡಲು ಯಾರೂ ಒಪ್ಪಿರಲಿಲ್ಲ. ಮನೆಯೊಳಗಿನ ಮಾತು ಇದೇ ಎಂದು ತೋರಿಸಲು ಪದ ಬೇಕಿತ್ತು. ಈ ಲೇಖನವನ್ನು ಜಗತ್ತಿನ ಎಲ್ಲೆಡೆ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಓದುತ್ತಾರೆ. ಅಕ್ಕನ ಮಗಳೂ ಓದಿದ್ದಳು. ಅದರ ಅರ್ಥ ಹೊಳೆದದ್ದು ತಾರಸಿಯ ಮೇಲೆ, ಹಣ್ಣಿನ ಗಾಡಿ ನೋಡುವಾಗ.

ಎರಡನೆಯ ಬರಹ ಇಷ್ಟು ಹಗುರಾಗಿರಲಿಲ್ಲ. ಆ ಬೇಸಿಗೆಯಲ್ಲಿ ಚೆನ್ನೈಯಲ್ಲಿ ಮನೆಮನೆಗೂ ಹೋಗಿ ಜ್ವರ ವಿಚಾರಿಸುವ ಸಮೀಕ್ಷೆ ನಡೆಯಿತು. ಬಿಸಿಲಿನಲ್ಲಿ, ಸೋಂಕಿನ ಭಯದ ನಡುವೆ, ಬೀದಿಬೀದಿ ತಿರುಗಿದ ಆ ಹೆಣ್ಣುಮಕ್ಕಳಿಗೆ ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಅವರು ಕೇಳುವುದು ಮೂರೇ ಮಾತು: ಕಾಯ್ಚಲ್, ಇರುಮಲ್, ಸಳಿ. ಜ್ವರ, ಕೆಮ್ಮು, ನೆಗಡಿ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಅಜ್ಜಿ ಒಬ್ಬರೇ ಇದ್ದರು. ತುಮಕೂರಿನ ಕಡೆಯವರು, ಮಗನ ಮನೆಗೆ ಬಂದು ಬಹಳ ಕಾಲವಾಗಿರಲಿಲ್ಲ. ‘ಸಳಿ ಇರುಕ್ಕಾಮ್ಮಾ?’ ಎಂದು ಸಮೀಕ್ಷೆಯಾಕೆ ಕೇಳಿದಳು. ಅಜ್ಜಿಯ ಕಿವಿಗೆ ಬಿದ್ದದ್ದು ‘ಚಳಿ’. ‘ಈ ಸೆಕೇಲಿ ಎಲ್ಲಿಯ ಚಳಿ ತಾಯಿ!’ ಎಂದು ಕೈ ಆಡಿಸಿದರು. ಆಕೆ ಇಲ್ಲ ಎಂದು ಗುರುತು ಮಾಡಿಕೊಂಡು ಮುಂದಿನ ಮನೆಗೆ ಹೋದಳು. ಅಜ್ಜಿಗೆ ಎರಡು ದಿನದಿಂದ ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಮೊಮ್ಮಗಳು ಓಡಿಹೋಗಿ ಆಕೆಯನ್ನು ಮತ್ತೆ ಕರೆತಂದಳು. ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ.

ಇದರಲ್ಲಿ ತಪ್ಪು ಯಾರದೂ ಅಲ್ಲ. ಸಳಿ, ಚಳಿ ಎರಡೂ ಒಂದೇ ಬೇರಿನ ಮಾತುಗಳು. ತಮಿಳಿನಲ್ಲಿ ಅದು ಕಫದ ಕಡೆಗೆ ವಾಲಿತು, ಕನ್ನಡದಲ್ಲಿ ಹವೆಯ ಕಡೆಗೆ ಉಳಿಯಿತು. ಬೇರೆ ದಿನಗಳಲ್ಲಾದರೆ ಇದು ಊಟದ ಹೊತ್ತಿನಲ್ಲಿ ಹೇಳಿ ನಗುವ ಸಂಗತಿ. ಆ ವರ್ಷ ಒಂದು ಗುರುತು ತಪ್ಪಿದರೆ ಒಂದು ಮನೆ, ಒಂದು ಬೀದಿ ಅಪಾಯಕ್ಕೆ ಸಿಲುಕಬಹುದಿತ್ತು. ಒಂದಿಷ್ಟೂ ಅರ್ಥವಾಗದ ಭಾಷೆಗಿಂತ ಅರ್ಧ ಅರ್ಥವಾಗುವ ಅಕ್ಕಪಕ್ಕದ ಭಾಷೆ ಇಂಥ ಹೊತ್ತಿನಲ್ಲಿ ಹೆಚ್ಚು ಅಪಾಯಕಾರಿ ಎಂದು ಹುಡುಗಿ ಬರೆದಳು. ಅವಳ ಇಡೀ ವರ್ಷದ ಬರಹದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಮಾತು ಅದು. ಹಿಂದಿಯವನು ಬಂದು ‘ಜುಕಾಮ್’ ಎಂದಿದ್ದರೆ ಅಜ್ಜಿ ಗೊತ್ತಾಗಲಿಲ್ಲ ಎಂದು ಮೊಮ್ಮಗಳನ್ನು ಕೂಗುತ್ತಿದ್ದರು. ಗೊತ್ತಾಯಿತು ಅಂದುಕೊಂಡದ್ದರಿಂದಲೇ ಕೂಗಲಿಲ್ಲ.

ಇಂಥದ್ದೇ ಕಷ್ಟ ಈ ರೋಗ ಮೊದಲು ಕಾಣಿಸಿಕೊಂಡ ವುಹಾನ್‌ನಲ್ಲೂ ಆಗಿತ್ತು. 2020ರ ಫೆಬ್ರವರಿಯಲ್ಲಿ ಚೀನಾದ ಬೇರೆ ಬೇರೆ ಪ್ರಾಂತ್ಯಗಳಿಂದ ವೈದ್ಯರು, ದಾದಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಅಲ್ಲಿಗೆ ಬಂದರು. ಎಲ್ಲರೂ ಚೀನೀ ಭಾಷೆಯವರೇ. ಆದರೆ ವುಹಾನಿನ ವೃದ್ಧ ರೋಗಿಗಳು ತಮ್ಮೂರ ಉಪಭಾಷೆಯಲ್ಲಿ ಎದೆ ಬಿಗಿತ, ಸಂಕಟ ಹೇಳಿಕೊಂಡರೆ ಶಾನ್‌ಡಾಂಗಿನಿಂದ ಬಂದ ದಾದಿಗೆ ತಿಳಿಯುತ್ತಿರಲಿಲ್ಲ. ಶಾನ್‌ಡಾಂಗ್ ವಿಶ್ವವಿದ್ಯಾಲಯದ ಚೀಲೂ ಆಸ್ಪತ್ರೆಯ ತಂಡ ಬಂದ ಎರಡೇ ದಿನದಲ್ಲಿ ವುಹಾನ್ ಮಾತಿನ ಕೈಪಿಡಿಯೊಂದನ್ನು ಸಿದ್ಧಪಡಿಸಿತು. ಮುಂದೆ ಭಾಷಾ ವಿದ್ವಾಂಸರೂ ಸೇರಿಕೊಂಡು ಹುಬೇ ಪ್ರಾಂತ್ಯದ ಹಲವು ಉಪಭಾಷೆಗಳಿಗೆ ಅಂಥ ಕೈಪಿಡಿ ಮಾಡಿದರು. ಅದೇ ವರ್ಷ ಆಸ್ಟ್ರೇಲಿಯಾದ ವಿದ್ವಾಂಸೆ ಇಂಗ್ರಿಡ್ ಪಿಲ್ಲರ್ ಇಬ್ಬರು ಚೀನೀ ಸಹೋದ್ಯೋಗಿಗಳ ಜೊತೆ ‘ಮಲ್ಟಿಲಿಂಗ್ವ’ ಪತ್ರಿಕೆಯ ವಿಶೇಷ ಸಂಚಿಕೆಯನ್ನೇ ಈ ವಿಷಯಕ್ಕೆ ಮೀಸಲಿಟ್ಟರು. ಮದ್ದು, ಮಾಸ್ಕು, ಹಾಸಿಗೆಗಳ ಪಟ್ಟಿಯಲ್ಲಿ ಭಾಷೆಯನ್ನೂ ಸೇರಿಸಬೇಕು ಎನ್ನುವುದು ಆಗ ಜಗತ್ತಿನ ಹಲವು ಮೂಲೆಗಳಲ್ಲಿ ಒಟ್ಟಿಗೆ ಹೊಳೆದ ಸತ್ಯ.

ಮಾಧವರಂನ ಶೆಡ್ಡಿನ ಮುಂದೆ ಸಮೀಕ್ಷೆಯ ಹೆಣ್ಣುಮಗಳು ಏನು ಮಾಡುತ್ತಿದ್ದಳು? ‘ಫೀವರ್? ಫೀವರ್?’ ಎನ್ನುತ್ತಿದ್ದಳು. ಕೆಮ್ಮಿಗೆ ತಾನೇ ಕೆಮ್ಮಿ ತೋರಿಸುತ್ತಿದ್ದಳು. ಮೂಗಿಗೆ ಮಾಸ್ಕು ಇದ್ದದ್ದರಿಂದ ನೆಗಡಿಯನ್ನು ತೋರಿಸುವುದು ಕಷ್ಟವಾಗುತ್ತಿತ್ತು. ‘ಬುಖಾರ್’ ಎಂಬ ಒಂದು ಪದವನ್ನು ಹುಡುಗಿ ಅವಳಿಗೆ ಹೇಳಿಕೊಟ್ಟಳು, ಅವಳು ಅದನ್ನು ಹಾಳೆಯ ಅಂಚಿನಲ್ಲಿ ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ಮೇ ತಿಂಗಳಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಹೊರಟವು. ಶೆಡ್ಡು ಅರ್ಧ ಖಾಲಿಯಾಯಿತು. ಊರಿಗೆ ಹೋಗಲು ಹೆಸರು ನೋಂದಾಯಿಸುವ ಕಾಗದಗಳನ್ನು ತುಂಬಿಕೊಡಲು ಅವರು ಹುಡುಕಿಕೊಂಡು ಬಂದದ್ದು ಹಿಂದಿ ಬಲ್ಲ ಹಣ್ಣಿನ ಗಾಡಿಯವನ ಹತ್ತಿರ, ತಮಿಳು ಒಂದೇ ಬರುತ್ತದೆ ಎಂದು ಹೇಳಿಕೊಂಡಿದ್ದ ಅದೇ ಮನುಷ್ಯನ ಹತ್ತಿರ.

ಈ ಎಲ್ಲವನ್ನೂ ಬರೆದಿಡುವುದು ಯಾವ ಲಿಪಿಯಲ್ಲಿ ಎಂಬ ತೊಡಕು ಅವಳಿಗೆ ಬಂತು. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಬಹುಪಾಲು ಕನ್ನಡದ ಮಕ್ಕಳಂತೆ ಅವಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ತಮಿಳು ಕಲಿತಿದ್ದಾಳೆ. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅಜ್ಜಿಯ ಮಾತನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ವಾರ ಕಳೆದು ಓದಿದರೆ ತನ್ನ ಬರಹ ತನಗೇ ಅರ್ಥವಾಗದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ತಮಿಳಿಗೆ ಅದರಿಂದ ಯಾವ ತೊಂದರೆಯೂ ಇಲ್ಲ, ಆ ಭಾಷೆಯಲ್ಲಿ ದನಿ ಎಲ್ಲಿ ಮೆದುವಾಗಬೇಕೆಂಬುದಕ್ಕೆ ನಿಯಮವಿದೆ. ಕನ್ನಡ ಹಾಗಲ್ಲ. ಗಾಳಿಯನ್ನು ಬರೆದರೆ ಕಾಳಿ ಎಂದೂ ಓದಬಹುದು, ಬಾಳು ಎಂದು ಬರೆದದ್ದು ಪಾಳು ಎಂದೂ ಆಗುತ್ತದೆ. ಅಜ್ಜಿಯ ‘ಗಂಟಲು ಕೆರೆತ’ ಆ ಪುಸ್ತಕದಲ್ಲಿ ‘ಕಂಡಲು’ ಎಂದು ಕೂತಿತ್ತು. ಅಜ್ಜಿ ಬಾಯಿ ಬಿಟ್ಟು ಗಂಟಲು ತೋರಿಸಿ, ಇದು ಕ ಅಲ್ಲ ಗ ಎಂದು ಸ್ಲೇಟಿನ ಮೇಲೆ ತಿದ್ದಿಸಿದರು. ಮಳೆಗಾಲ ಬರುವಷ್ಟರಲ್ಲಿ ಹುಡುಗಿ ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಿದ್ದಳು. ನನಗೆ ಅವಳು ಕಳಿಸಿದ ಮೊದಲ ಕನ್ನಡ ಸಂದೇಶದಲ್ಲಿ ‘ಚಿಕ್ಕಮ್ಮ’ ಎಂಬಲ್ಲಿ ಕ ಒತ್ತು ಸರಿಯಾಗಿತ್ತು. ಮ ಒತ್ತು ಬಿಟ್ಟುಹೋಗಿತ್ತು. ಅದನ್ನು ಇಟ್ಟುಕೊಂಡಿದ್ದೇನೆ.

ಮೇಷ್ಟರು ಅವಳ ಲಿಪಿಯ ತೊಡಕನ್ನು ನೋಡಿ ಬರಹದಲ್ಲಿ ಮೂರು ಲಿಪಿ ಬಂದರೂ ಸರಿ ಎಂದು ಒಪ್ಪಿದರಂತೆ. ಪಾಠ ಇಂಗ್ಲಿಷಿನದು, ಬೀದಿ ತಮಿಳಿನದು, ಮನೆ ಕನ್ನಡದ್ದು. ಒಂದರ ಮಾತನ್ನು ಇನ್ನೊಂದರಲ್ಲಿ ಬರೆದರೆ ಏನು ಕಳೆದುಹೋಗುತ್ತದೆ ಎನ್ನುವುದೇ ಅಲ್ಲಿ ಪಾಠವಾಗಿತ್ತು. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು ಅಂಕ ಪಡೆಯುವ ನಮ್ಮ ಪದ್ಧತಿಯಲ್ಲಿ ಇಷ್ಟು ದೂರ ಬರುವ ದಾರಿಯೇ ಇಲ್ಲ.

ಚೆನ್ನೈಗೂ ಕನ್ನಡದ ಮಾತಿನ ಅಧ್ಯಯನಕ್ಕೂ ಹಳೆಯ ನಂಟಿದೆ ಎನ್ನುವುದನ್ನು ಇಲ್ಲಿ ಹೇಳಬೇಕು. ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದವರು ಮದರಾಸು ವಿಶ್ವವಿದ್ಯಾಲಯದ ಮರಿಯಪ್ಪ ಭಟ್ಟರು. ಅದರ ಸಂಪುಟಗಳು 1968ರಿಂದ 1971ರವರೆಗೆ ಅಲ್ಲಿಂದಲೇ ಹೊರಬಂದವು. ಇನ್ನು ಸಮಾಜ ಮತ್ತು ಮಾತಿನ ನಂಟನ್ನು ಹುಡುಕುವ ಕೆಲಸದಲ್ಲಂತೂ ಕನ್ನಡ, ತಮಿಳು ಎರಡೂ ಮೊದಲ ಸಾಲಿನಲ್ಲಿವೆ. ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡದ ರೂಪುರೇಷೆಯನ್ನು ಪುಸ್ತಕವಾಗಿ ತಂದರು. ಮುಂದೆ ಮೈಸೂರಿನ ಎ.ಕೆ. ರಾಮಾನುಜನ್ ಜೊತೆ ಸೇರಿ ದಕ್ಷಿಣದ ಭಾಷೆಗಳಲ್ಲಿ ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತದೆ, ಬದಲಾವಣೆ ಎಲ್ಲಿಂದ ಶುರುವಾಗುತ್ತದೆ ಎಂದು ಬರೆದರು. ‘ಹಾಲು’ ಎನ್ನುವವರು ಯಾರು, ‘ಆಲು’ ಎನ್ನುವವರು ಯಾರು ಎಂದು ಕೇಳುವುದಕ್ಕೆ ಆಗ ಧೈರ್ಯವೂ ಬೇಕಿತ್ತು. ಮಾತಿನಲ್ಲಿ ಕೀಳು ಮೇಲು ಇಲ್ಲ, ಇರುವುದು ಮಾತನಾಡುವವರನ್ನು ನಾವು ಇಟ್ಟ ಜಾಗ ಎಂದು ತಿಳಿದುಕೊಳ್ಳುವುದು ಅಲ್ಲಿಂದಲೇ.

ಆ ವರ್ಷ ‘ಸಾಮಾಜಿಕ ಅಂತರ’ ಎಂಬ ಮಾತು ಊರೂರಿನ ಗೋಡೆಯ ಮೇಲೆ ಬಂದಾಗ ನನಗೆ ಇದೇ ನೆನಪಾಯಿತು. ತಮಿಳಿನಲ್ಲಿ ‘ಸಮೂಗ ಇಡೈವೆಳಿ’. ಯಾರು ಯಾರಿಂದ ದೂರ ನಿಲ್ಲಬೇಕು ಎಂದು ಜಾತಿ ಗೆರೆ ಎಳೆದಿದ್ದ ನಾಡಿನಲ್ಲಿ ಆ ಮಾತು ಚುಚ್ಚಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿಯಲ್ಲೇ ‘ದೈಹಿಕ ಅಂತರ’ ಎನ್ನೋಣ ಎಂದಿತ್ತು. ನಮ್ಮ ಭಿತ್ತಿಪತ್ರಗಳು ಅದನ್ನು ಕೇಳಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಗೋಡೆಯ ಮಾತಿಗೂ ಬಾಯಿಮಾತಿಗೂ ಇರುವ ಅಂತರ ಇನ್ನೊಂದು ವಾರದ ಬರಹವಾಯಿತು. ಒಂದೇ ಭಾಷೆಯೊಳಗೆ ಬರೆಯುವುದಕ್ಕೊಂದು ರೂಪ, ಆಡುವುದಕ್ಕೊಂದು ರೂಪ ದೂರದೂರ ನಿಲ್ಲುವುದನ್ನು ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ವಿವರಿಸಿದರು. ತಮಿಳು ಅದಕ್ಕೆ ಒಳ್ಳೆಯ ಉದಾಹರಣೆ. ಧ್ವನಿವರ್ಧಕದಲ್ಲಿ ‘ಮುಗಕ್ಕವಸಂ ಅಣಿವೀರ್’ ಎಂದು ಬರುತ್ತಿತ್ತು, ಬೀದಿಯಲ್ಲಿ ಅಮ್ಮಂದಿರು ಮಕ್ಕಳಿಗೆ ‘ಮಾಸ್ಕ್ ಪೋಡು’ ಎನ್ನುತ್ತಿದ್ದರು. ಲಾಕ್‌ಡೌನಿಗೆ ತಮಿಳು ತನ್ನದೇ ‘ಊರಡಂಗು’ ಎಂಬ ಮಾತನ್ನು ಬಳಸಿತು, ಪತ್ರಿಕೆಯಲ್ಲೂ ಅದೇ, ಬಾಯಲ್ಲೂ ಬಹಳಷ್ಟು ಅದೇ. ಕನ್ನಡದಲ್ಲಿ ನಾವು ಮುಖಗವಸು ಎಂದು ಬರೆದು ಮಾಸ್ಕು ಎಂದು ಆಡಿದೆವು, ಲಾಕ್‌ಡೌನನ್ನು ಹಾಗೆಯೇ ಇಟ್ಟುಕೊಂಡೆವು, ಸಾಲದೆಂದು ‘ಸೀಲ್‌ಡೌನ್’ ಎಂಬ ನಮ್ಮದೇ ಇಂಗ್ಲಿಷ್ ಪದವನ್ನು ಕಟ್ಟಿಕೊಂಡೆವು. ಬೆಂಗಳೂರಿನಿಂದ ನಾನು ನಮ್ಮ ರಸ್ತೆ ಸೀಲ್‌ಡೌನ್ ಆಗಿದೆ ಎಂದರೆ ಮಾಧವರಂನ ಹುಡುಗಿಗೆ ಅರ್ಥವಾಗಲಿಲ್ಲ. ಈ ವ್ಯತ್ಯಾಸವನ್ನು ಭಾಷಾಭಿಮಾನದ ಅಳತೆಗೋಲಿಗೆ ಕಟ್ಟಿ ಕನ್ನಡಿಗರನ್ನು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಹಳ್ಳಿಯ ಮುದುಕಿಗೆ ಯಾವುದು ತಕ್ಷಣ ತಿಳಿಯಿತು? ‘ಮಾಸ್ಕು ಹಾಕ್ಕಳಿ’ ತಿಳಿಯಿತು. ‘ಕಂಟೈನ್‌ಮೆಂಟ್ ವಲಯ’ ತಿಳಿಯಲಿಲ್ಲ.

ತಿಳಿಯದಿದ್ದರೆ ಎದ್ದು ಹೋಗಿ ಎನ್ನಿಸಿಕೊಂಡವರೂ ಇದ್ದರು. 2020ರ ಆಗಸ್ಟಿನಲ್ಲಿ ಕೇಂದ್ರ ಆಯುಷ್ ಸಚಿವಾಲಯದ ಆನ್‌ಲೈನ್ ತರಬೇತಿ ಹಿಂದಿಯಲ್ಲಿ ನಡೆದಾಗ, ಹಿಂದಿ ಬಾರದವರು ಹೊರಡಬಹುದು ಎಂದು ಹೇಳಲಾಯಿತೆಂದು ತಮಿಳುನಾಡಿನ ಪ್ರಕೃತಿ ಚಿಕಿತ್ಸಾ ವೈದ್ಯರು ದೂರಿದರು. ಅದೇ ತಿಂಗಳು ಚೆನ್ನೈ ವಿಮಾನ ನಿಲ್ದಾಣದಲ್ಲಿ ಹಿಂದಿ ಬಾರದೆಂದ ಸಂಸದೆ ಕನಿಮೊಳಿ ಅವರಿಗೆ ಭದ್ರತಾ ಸಿಬ್ಬಂದಿಯೊಬ್ಬರು ನೀವು ಭಾರತೀಯರೇ ಎಂದು ಕೇಳಿದ ಪ್ರಕರಣ ನಡೆಯಿತು, ಎಚ್.ಡಿ. ಕುಮಾರಸ್ವಾಮಿ ಕರ್ನಾಟಕದಿಂದ ಅವರ ಪರವಾಗಿ ದನಿ ಎತ್ತಿದರು. ಮುಂದಿನ ವರ್ಷ ಲಸಿಕೆ ಬಂತು. 18ರಿಂದ 44ರ ವಯಸ್ಸಿನವರು ಮೊದಲು ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು, ಅದು ಇಂಗ್ಲಿಷಿನಲ್ಲಿತ್ತು. 2021ರ ಜೂನ್‌ನಲ್ಲಿ ಹಿಂದಿ, ಕನ್ನಡ, ತೆಲುಗು, ಮಲಯಾಳಂ ಮುಂತಾದವು ಸೇರಿದವು. ಮೊದಲ ಪಟ್ಟಿಯಲ್ಲಿ ತಮಿಳು ಇರಲಿಲ್ಲ. ಆಕ್ಷೇಪ ಬಂದ ಮೇಲೆ ಸೇರಿಸಿದರು. ಮಾಧವರಂನ ಆ ಬೀದಿಯಲ್ಲಿ ಕೆಲವು ದಿನ ಅಜ್ಜಿಯ ಕನ್ನಡ ಫೋನಿನಲ್ಲಿತ್ತು, ಎದುರು ಮನೆಯ ತಮಿಳಜ್ಜಿ ‘ಪಾಟಿ’ಯ ತಮಿಳು ಇರಲಿಲ್ಲ, ಅವರದೇ ನಾಡಿನಲ್ಲಿ! ತನ್ನೂರಿನಲ್ಲಿ ಬಹುಸಂಖ್ಯಾತವಾದ ಭಾಷೆಯೂ ಒಂದು ಪರದೆಯ ಮುಂದೆ ಅಲ್ಪಸಂಖ್ಯಾತವಾಗಬಹುದು ಎಂದು ಹುಡುಗಿ ಬರೆದಾಗ ಆ ಪಾಟಿಗೆ ಅದನ್ನು ತಮಿಳಿನಲ್ಲಿ ಓದಿ ಹೇಳಿದಳಂತೆ. ಚೆನ್ನೈಯಲ್ಲಿ ಕೂತು ದಿನವೂ ಅಲ್ಪಸಂಖ್ಯಾತಳಾಗಿಯೇ ಬದುಕುವ ಅಜ್ಜಿ ಪಕ್ಕದಲ್ಲಿ ಕೂತು ಹೌದು ಹೌದು ಎಂದು ತಲೆದೂಗಿದರಂತೆ.

ಬರೆಯುವುದಕ್ಕೆ ಮೇಷ್ಟರು ಒಂದು ಕಟ್ಟುನಿಟ್ಟಿನ ಷರತ್ತು ಹಾಕಿದ್ದರು. ಯಾರ ಹೆಸರೂ ಕೂಡದು, ಮನೆ ಸಂಖ್ಯೆ ಕೂಡದು, ಒಪ್ಪಿಗೆ ಕೇಳದೆ ಒಂದು ಮಾತನ್ನೂ ದಾಖಲಿಸಕೂಡದು. ಸೋಂಕಿತರ ಮನೆಯ ಬಾಗಿಲಿಗೆ ತಗಡು ಬಡಿದ ಕಾಲ ಅದು. ಚೆನ್ನೈಯಲ್ಲೇ ಏಪ್ರಿಲ್‌ನಲ್ಲಿ ಕೊರೋನಾದಿಂದ ತೀರಿಕೊಂಡ ವೈದ್ಯರೊಬ್ಬರ ಅಂತ್ಯಕ್ರಿಯೆಗೆ ಗುಂಪು ಸೇರಿ ಅಡ್ಡಿಪಡಿಸಿದ್ದನ್ನು ಇಡೀ ದೇಶ ನೋಡಿತ್ತು. ಯಾರಿಗೆ ಕೆಮ್ಮು ಎಂದು ಬರೆಯುವುದು ಒಂದು ಮನೆಯನ್ನು ಊರಿಂದ ಹೊರಗಿಡುವುದಕ್ಕೆ ಕಾರಣವಾಗಬಹುದಿತ್ತು. ಮಾತನ್ನು ದಾಖಲಿಸುವುದರಲ್ಲಿ ಇನ್ನೊಂದು ಇಕ್ಕಟ್ಟೂ ಇದೆ. ನ್ಯೂಯಾರ್ಕಿನ ಅಂಗಡಿಗಳಲ್ಲಿ ಮಾರಾಟಗಾರರನ್ನು ಒಂದೇ ಪ್ರಶ್ನೆ ಕೇಳಿ ಅವರ ಉಚ್ಚಾರಣೆಯನ್ನು ಗುರುತು ಹಾಕಿಕೊಂಡು ಹೋದ ವಿಲಿಯಂ ಲಬೋವ್ ಈ ಶಾಸ್ತ್ರದ ದೊಡ್ಡ ಹೆಸರು. ಯಾರೂ ಗಮನಿಸದಿರುವಾಗ ಜನ ಹೇಗೆ ಮಾತಾಡುತ್ತಾರೆ ಎಂದು ತಿಳಿಯಲು ನಾವು ಗಮನಿಸಲೇಬೇಕು, ಗಮನಿಸಿದೊಡನೆ ಮಾತು ಬದಲಾಗುತ್ತದೆ ಎನ್ನುವ ಇಕ್ಕಟ್ಟನ್ನು ಹೇಳಿದವರೂ ಅವರೇ. ಹೊರಗಿನವರಿಗೆ ಇರುವ ಆ ಇಕ್ಕಟ್ಟು ಮನೆಯ ಮಗಳಿಗೆ ಇರಲಿಲ್ಲ, ಅವಳ ಮುಂದೆ ಎಲ್ಲರೂ ಎಂದಿನಂತೆಯೇ ಮಾತಾಡುತ್ತಿದ್ದರು. ಅದಕ್ಕೇ ಅವಳ ಜವಾಬ್ದಾರಿ ಹೆಚ್ಚು. ಒಮ್ಮೆ ಅಪ್ಪ ಅಮ್ಮನ ಜಗಳವೊಂದರಲ್ಲಿ ತಮಿಳು, ಕನ್ನಡ ಹೇಗೆ ಅದಲುಬದಲಾಗುತ್ತದೆ ಎಂದು ಬಹಳ ಚೆನ್ನಾಗಿ ಬರೆದಿದ್ದಳು. ಕಳಿಸುವ ಮೊದಲು ಅಕ್ಕನಿಗೆ ಓದಿದಳು. ಅಕ್ಕ ಬೇಡ ಎಂದಳು. ಆ ಬರಹ ತರಗತಿಗೆ ಹೋಗಲಿಲ್ಲ.

ಮೊಬೈಲಿನಲ್ಲಿ ಕೂತು ಪಾಠ ಕೇಳಿದ ಆ ಎರಡು ವರ್ಷ ನಮ್ಮ ಮಕ್ಕಳಿಗೆ ನಷ್ಟವೇ ಹೆಚ್ಚು. ಫೋನಿಲ್ಲದವರು, ಸಿಗ್ನಲ್ಲಿಗಾಗಿ ಮರ ಹತ್ತಿದವರು, ಓದು ಬಿಟ್ಟು ಕೂಲಿಗೆ ಹೋದವರು ಎಷ್ಟೋ ಮಂದಿ. ಅದನ್ನು ಮರೆತು ಆನ್‌ಲೈನ್ ಪಾಠವನ್ನು ಹೊಗಳಲು ನನಗೆ ಮನಸ್ಸಿಲ್ಲ. ಹೊಗಳಬೇಕಾದದ್ದು ಆ ಮೇಷ್ಟರ ಕೆಲಸವನ್ನು, ಅದಕ್ಕೆ ಇಂಟರ್ನೆಟ್ಟೇನೂ ಬೇಕಿಲ್ಲ. ಒಂದು ನೋಟ್‌ಬುಕ್ಕು, ಓದುವ ಸಹಪಾಠಿಗಳು, ತಿದ್ದುವ ಒಬ್ಬ ಗುರು ಇದ್ದರೆ ಕೊಳ್ಳೇಗಾಲದಲ್ಲೂ ನಡೆಯುತ್ತದೆ, ತಾಳವಾಡಿಯಲ್ಲೂ, ಕಾಸರಗೋಡಿನಲ್ಲೂ ನಡೆಯುತ್ತದೆ. ಗಡಿಯ ಊರುಗಳಲ್ಲಿ ಇಂಥ ಬರಹಕ್ಕೆ ಬೇಕಾದ ಸರಕು ಹೆಜ್ಜೆಹೆಜ್ಜೆಗೂ ಇದೆ. ತರಗತಿಗಳು ತೆರೆದ ಮೇಲೆ ಬಹಳ ಕಡೆ ಎಲ್ಲವೂ ಹಳೆಯ ವ್ಯಾಖ್ಯೆ, ಟಿಪ್ಪಣಿ, ಐದು ಅಂಕದ ಪ್ರಶ್ನೆಗೆ ಮರಳಿತು. ಇದು ನನಗೆ ದುಃಖದ ಸಂಗತಿ.

ಈಗ ಮಾಧವರಂನಿಂದ ಸಿಪ್‌ಕಾಟ್ ಕೈಗಾರಿಕಾ ವಲಯದವರೆಗೆ 45 ಕಿಲೋಮೀಟರಿಗೂ ಉದ್ದದ ಮೆಟ್ರೋ ಮಾರ್ಗದ ಕೆಲಸ ನಡೆಯುತ್ತಿದೆ. ಶೆಡ್ಡುಗಳು ಮತ್ತೆ ತುಂಬಿವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುವಾಗ ಡೆಂಗಿ ಜ್ವರ ಪ್ರತಿ ವರ್ಷ ಬರುತ್ತದೆ, ಜ್ವರ ಕೇಳುವವರೂ ಬರುತ್ತಾರೆ. ಅಕ್ಕನ ಮಗಳ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. ಜ್ವರ, ಕೆಮ್ಮು, ನೆಗಡಿ, ಗಂಟಲು ನೋವು, ಮೈಕೈ ನೋವು, ವಾಂತಿ, ಉಸಿರು ಕಟ್ಟುವುದು: ಇವಿಷ್ಟನ್ನು ತಮಿಳು, ತೆಲುಗು, ಕನ್ನಡ, ಹಿಂದಿಯಲ್ಲಿ ಆ ಬೀದಿಯ ಜನ ಹೇಗೆ ಆಡುತ್ತಾರೋ ಹಾಗೇ ಬರೆದು, ತಮಿಳು ಅಕ್ಷರದಲ್ಲಿ ಉಚ್ಚಾರಣೆ ಕೊಟ್ಟಿದ್ದಾಳೆ. ‘ಸಳಿ’ಯ ಎದುರು ಕನ್ನಡದವರಿಗೆ ಹೀಗೆ ಕೇಳಬೇಡಿ, ‘ನೆಗಡಿ’ ಅಥವಾ ‘ಸೀತ’ ಎಂದು ಕೇಳಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಒಡಿಯಾ ಸಾಲು ಖಾಲಿ ಬಿಟ್ಟಿದ್ದಾಳೆ, ಶೆಡ್ಡಿನವರನ್ನು ಕೇಳಿ ತುಂಬಬೇಕಂತೆ. ಅದು ತುಂಬಿದ ಮೇಲೆ ಒಂದು ಅಂಗೈಯಗಲದ ಕಾರ್ಡಾಗಿ ಅಚ್ಚು ಹಾಕಿಸಿ ಮಳೆಗಾಲಕ್ಕೆ ಮೊದಲೇ ಸಮೀಕ್ಷೆಯ ಹೆಣ್ಣುಮಕ್ಕಳ ಕೈಗೆ ಕೊಡಬೇಕು ಎನ್ನುತ್ತಾಳೆ. ಅಚ್ಚಿನ ಖರ್ಚು ನನ್ನದು ಎಂದಿದ್ದೇನೆ.